ಕರ್ಚೀಫು ಮಡಿಸುವ ಕೊಲೆಗಾರ

ಪುಕ್ಕಲರಲ್ಲಿ ತಾವು ಪುಕ್ಕಲರೆಂದು ಒಪ್ಪಿಕೊಳ್ಳುವವರು ಬಹಳ ಕಡಿಮೆ. ಕತ್ತಲಲ್ಲಿ ಹೊರಗೆ ಕಾಲಿಡಲು ಅಂಜುವವರು ಮಂಡಿನೋವು ಎನ್ನುತ್ತಾರೆ. ಬೀದಿನಾಯಿಗೆ ಹೆದರಿ ಸುತ್ತುದಾರಿ ಹಿಡಿದವರು ನಡೆದರೆ ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಾರೆ. ನಾನು ಆ ಜಾತಿಯವನಲ್ಲ. ನಾನು ಹೆದರುತ್ತೇನೆ, ಹೆದರುತ್ತೇನೆಂದು ಎದುರಿಗೇ ಹೇಳಿ ಹೆದರುತ್ತೇನೆ. ನಮ್ಮ ತಾತ ಹೊಳೆನರಸೀಪುರದ ದೇವಸ್ಥಾನದಲ್ಲಿ ಅರ್ಚಕರಾಗಿದ್ದವರು. ಬಾವಲಿ ಹಾರಾಡುವ ಗರ್ಭಗುಡಿಗೆ ಒಂದೇ ಒಂದು ಎಣ್ಣೆದೀಪ ಹಿಡಿದು ನುಗ್ಗುತ್ತಿದ್ದರಂತೆ. ಅವರ ಮೊಮ್ಮಗನಾದ ನಾನು ಊರಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಬೆಳಿಗ್ಗೆ ಸ್ಟಾಫ್ ರೂಮಿನ ನನ್ನ ಬೀರುವಿಗೆ ಬೀಗ ಹಾಕಿ ತರಗತಿಯ ಅರ್ಧದಾರಿಗೆ ಹೋದವನು, ವಾಪಸ್ ಬಂದು ಬೀಗ ಜಗ್ಗಿ ನೋಡದಿದ್ದರೆ ನನಗೆ ಲೆಕ್ಕವೇ ಹತ್ತುವುದಿಲ್ಲ.

ಈ ಹೆದರಿಕೆಯಿಂದ ಯಾರಿಗೂ ಉಪಯೋಗವಿಲ್ಲವೆಂದು ತಿಳಿಯಬೇಡಿ. ನಮ್ಮ ಮನೆಯಲ್ಲಿ ಅದೊಂದು ಅಳತೆಗೋಲಾಗಿತ್ತು. ಆಗ ಟಿ.ವಿ.ಯಲ್ಲಿ ಪ್ರತಿ ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಒಂದು ಪತ್ತೇದಾರಿ ಧಾರಾವಾಹಿ ಬರುತ್ತಿತ್ತು. ವಾರಕ್ಕೊಂದು ಕೊಲೆ, ವಾರಕ್ಕೊಬ್ಬ ಕೊಲೆಗಾರ. ಅದು ಶುರುವಾದಾಗ ನಮ್ಮ ಮಗಳು ಸುಮಾ ಫ್ರಾಕು ಹಾಕುತ್ತಿದ್ದಳು, ಬಿ.ಎಡ್. ಮುಗಿಸಿ, ಸೀರೆಯುಟ್ಟು, ಹಾಸನದ ಶಾಲೆಯೊಂದಕ್ಕೆ ಪಾಠ ಹೇಳಲು ಹೋಗಿಬಂದು ಮಾಡುವ ಕಾಲಕ್ಕೂ ಅದು ಮುಗಿದಿರಲಿಲ್ಲ. ಇನ್‌ಸ್ಪೆಕ್ಟರ್ ಪಾತ್ರದವನಿಗೆ ವಯಸ್ಸಾಗುತ್ತ ಬಂದಂತೆ ಮೀಸೆ ಮಾತ್ರ ಕಪ್ಪಾಗುತ್ತ ಹೋಯಿತು. ಅಷ್ಟು ದೀರ್ಘಕಾಲ ನಡೆದ ಧಾರಾವಾಹಿಯಲ್ಲಿ ಎಲ್ಲ ಕಂತೂ ಒಂದೇ ಗುಣಮಟ್ಟದಲ್ಲಿ ಇರಲು ಸಾಧ್ಯವೆ? ಯಾವುದು ಚೆನ್ನಾಗಿತ್ತು, ಯಾವುದು ಕಳಪೆ ಎಂದು ತೀರ್ಮಾನಿಸಲು ನನ್ನ ಹೆಂಡತಿ ವಿಶಾಲಾಕ್ಷಿ ಕಂಡುಕೊಂಡಿದ್ದ ಮಾರ್ಗವೆಂದರೆ ನಾನು. ನಮ್ಮದು ಹಳೆಯ ಕಾಲದ ಮನೆ, ಬಚ್ಚಲು ಹಿತ್ತಲಲ್ಲಿ, ಬಾವಿ ಮತ್ತು ನುಗ್ಗೆಮರ ದಾಟಿ ಹೋಗಬೇಕು. ಧಾರಾವಾಹಿ ನೋಡಿದ ಮೇಲೆ ನಾನು ಕೈಕಾಲು ತೊಳೆಯಲು ಅವಳನ್ನು ಟಾರ್ಚ್ ಸಮೇತ ಕರೆದರೆ ಆ ಕಂತು ಚೆನ್ನಾಗಿತ್ತು ಎಂದರ್ಥ. ನಾನೊಬ್ಬನೇ ಹೋಗಿ ಬಂದರೆ ಮಾರನೆಯ ದಿನ ಅವಳು ಬೀದಿಯ ಹೆಂಗಸರ ಮುಂದೆ, ನಿನ್ನೆಯದು ಅಷ್ಟಕ್ಕಷ್ಟೆ, ಇವರು ಟಾರ್ಚು ಕೂಡ ಕೇಳಲಿಲ್ಲ ಎಂದು ವರದಿ ಒಪ್ಪಿಸುತ್ತಿದ್ದಳು.

ಅವಳ ಧೈರ್ಯ ಬೇರೆಯ ತರಹದ್ದು. ಪರದೆಯ ಮೇಲೆ ಹೆಣ ಬೀಳುವಾಗ ಅವಳು ಹುರುಳಿಕಾಯಿಯ ನಾರು ತೆಗೆಯುತ್ತಿರುತ್ತಿದ್ದಳು. ಒಮ್ಮೆ ನಡುಮನೆಯಲ್ಲಿ ಹೆಣ ಮಲಗಿದೆ, ಇನ್‌ಸ್ಪೆಕ್ಟರ್ ಸುತ್ತ ಬಳಪದ ಗೆರೆ ಎಳೆಸುತ್ತಿದ್ದಾನೆ, ಇವಳು ತಲೆಯೆತ್ತಿ ನೋಡಿ, ಹೆಣದ ಹೊಟ್ಟೆ ಮೇಲೆ ಕೆಳಗೆ ಆಗುತ್ತಿದೆ, ಉಸಿರಾಡುತ್ತಿದೆ ಎಂದು ನಕ್ಕಳು. ಹಾಗೆ ಹೇಳಿದರೆ ನನ್ನ ಹೆದರಿಕೆ ಹೋಗುತ್ತದೆಂದು ಅವಳ ಎಣಿಕೆ. ಸತ್ತ ಹೆಣಕ್ಕಿಂತ ಉಸಿರಾಡುವ ಹೆಣ ಎಷ್ಟು ಭಯಂಕರವೆಂಬುದನ್ನು ಅವಳು ಯೋಚಿಸಿರಲಿಲ್ಲ. ಆ ವಾರವೆಲ್ಲ ನಾನು ಟಾರ್ಚ್ ಕೇಳಿದೆ.

ತೊಂದರೆ ಬಂದದ್ದು ಕರೆಂಟಿನಿಂದ. ಒಂದು ಬೇಸಿಗೆಯಲ್ಲಿ ಪಾಳಿಯ ಮೇಲೆ ಕರೆಂಟ್ ತೆಗೆಯಲು ಶುರುಮಾಡಿದರು. ನಮ್ಮ ಬೀದಿಯ ಪಾಳಿ ಸರಿಯಾಗಿ ಧಾರಾವಾಹಿಯ ನಡುವೆ ಬರುತ್ತಿತ್ತು. ಕೊಲೆಯಾಗುವವರೆಗೂ ಕರೆಂಟಿರುತ್ತಿತ್ತು. ಯಾರ ಮೇಲೆ ಅನುಮಾನ ಪಡಬೇಕೋ ಅವರೆಲ್ಲರೂ ಬಂದು ಮುಖ ತೋರಿಸಿ ಹೋಗುವವರೆಗೂ ಇರುತ್ತಿತ್ತು. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ" ಎನ್ನುತ್ತಿದ್ದ. ಟಪ್ ಎಂದು ಕತ್ತಲೆ. ಇದ್ದಾನೆ ಎಂದ ಕೋಣೆ ನಮ್ಮದೇ ಅನ್ನಿಸುತ್ತಿತ್ತು. ಕೊಲೆಗಾರನನ್ನು ಹಿಡಿದು ಜೀಪಿಗೆ ಹತ್ತಿಸಿದರೆ ನನ್ನ ಹೆದರಿಕೆಗೂ ಅಲ್ಲಿಗೆ ಮಂಗಳ. ಹಿಡಿಯದೆ ಬಿಟ್ಟರೆ ಅವನು ಎಲ್ಲಿಗೆ ಹೋದ? ನನ್ನ ಪ್ರಕಾರ ನೇರವಾಗಿ ನಮ್ಮ ನುಗ್ಗೆಮರದ ಹಿಂದಕ್ಕೆ.

ನಮ್ಮ ಶಾಲೆಯ ವ್ಯಾಯಾಮ ಮೇಷ್ಟ್ರು ನಿಂಗೇಗೌಡರು ಅರಕಲಗೂಡಿನವರು. ಅಲ್ಲಿ ಒಂದಿಷ್ಟು ಶುಂಠಿ ಬೆಳೆದುಕೊಂಡು, ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಶಾಲೆಗೆ ಬರುತ್ತಿದ್ದರು. ಅವರೂ ಆ ಧಾರಾವಾಹಿ ನೋಡುತ್ತಾರೆಂದು ನನಗೆ ಗೊತ್ತಿತ್ತು. ನಮ್ಮ ಕಡೆ ಒಂದು ನಂಬಿಕೆಯಿದೆ, ತನ್ನ ಊರಿನಲ್ಲಿ ಕರೆಂಟ್ ಹೋದಾಗ ಪಕ್ಕದ ತಾಲ್ಲೂಕಿನಲ್ಲಿ ಝಗಝಗ ಎನ್ನುತ್ತಿರುತ್ತದೆ ಎಂದು. ಹಾಸನದವರು ಹೊಳೆನರಸೀಪುರದ ಮೇಲೆ ಹೊಟ್ಟೆಕಿಚ್ಚು ಪಡುತ್ತಾರೆ, ನಾವು ಅರಕಲಗೂಡಿನ ಮೇಲೆ. ಶನಿವಾರ ಬೆಳಗಿನ ತರಗತಿ. ನಾನು ಶಾಲೆಯ ಗೇಟಿನ ಬಳಿಯೇ ಕಾದು ನಿಂತು, ಗೌಡರು ಬಸ್ಸಿಳಿದು ಬಂದ ತಕ್ಷಣ, "ನಿಮ್ಮೂರಲ್ಲಿ ಕರೆಂಟಿತ್ತಲ್ಲ ಗೌಡರೇ, ಕೊಲೆ ಮಾಡಿದ್ದು ಯಾರು?" ಎಂದು ಕೇಳಿದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಹೆಗಲ ಚೀಲ ಸರಿಮಾಡಿಕೊಂಡು, "ಬುಡುವಿನಲ್ಲಿ ಕೂತ್ಕಂಡು ಏಳ್ತೀನಿ, ಬನ್ನಿ ಸಾ" ಎಂದರು.

ಅಂದಿನಿಂದ ಅದೊಂದು ಪದ್ಧತಿಯಾಯಿತು. ಶನಿವಾರ ಬಿಡುವಿನ ಹೊತ್ತಿನಲ್ಲಿ ಸ್ಟಾಫ್ ರೂಮಿನ ಮೇಜಿಗೆ ಎದುರುಬದುರಾಗಿ ಕೂತು, ನಾನು ತೊಡೆಯ ಮೇಲೆ ಕರ್ಚೀಫು ಹಾಸಿಕೊಂಡು ಉಪ್ಪಿಟ್ಟಿನ ಡಬ್ಬಿ ಬಿಚ್ಚುವುದು, ಅವರು ಕಂತಿನ ಉತ್ತರಾರ್ಧ ಬಿಚ್ಚುವುದು. ಏನು ಉತ್ತರಾರ್ಧವೆಂದುಕೊಂಡಿರಿ! ಪೂರ್ವಾರ್ಧದಲ್ಲಿ ನಾನು ಕಣ್ಣಾರೆ ನೋಡಿದ ಪೆದ್ದು ಇನ್‌ಸ್ಪೆಕ್ಟರ್, ಗೌಡರ ಬಾಯಲ್ಲಿ ಚುರುಕಾಗಿಬಿಡುತ್ತಿದ್ದ. ನಾವೆಲ್ಲ ಅನುಮಾನಪಟ್ಟ ರೌಡಿಗಳು, ಸಾಲಗಾರರು, ಎರಡನೇ ಹೆಂಡತಿಯರು ಯಾರೂ ಕೊಲೆಗಾರರಾಗಿರುತ್ತಿರಲಿಲ್ಲ. ಯಾರೋ ಮರ್ಯಾದಸ್ಥ, ಮೆತ್ತಗಿನ ಮನುಷ್ಯ ಕೊಲೆ ಮಾಡಿರುತ್ತಿದ್ದ, ಒಂದು ಸಣ್ಣ ಅಭ್ಯಾಸದಿಂದ ಸಿಕ್ಕಿಬೀಳುತ್ತಿದ್ದ. ಒಂದು ವಾರದವನು ಕೊಂದು, ಬಾಗಿಲಿಗೆ ಬೀಗ ಹಾಕಿ ಹೊರಟವನು, ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ನೋಡಲು ವಾಪಸ್ ಬಂದು ಪೊಲೀಸರ ಕೈಗೆ ಸಿಕ್ಕ. ಇನ್ನೊಂದು ವಾರದವನು ಹಿಟ್ಟಿನ ಗಿರಣಿಯವನು; ಮಾತಾಡುವ ಮುಂಚೆ ಬೆರಳ ತುದಿಯ ಹಿಟ್ಟನ್ನು ಉಫ್ ಎಂದು ಊದುತ್ತಿದ್ದ, ಕೊಲೆಯಾದ ಕೋಣೆಯಲ್ಲೂ ಹಾಗೆ ಊದಿದ ಪುಡಿ ಬಿದ್ದಿತ್ತು.

ಕೇಳುತ್ತ ಕೇಳುತ್ತ ನನ್ನ ಡಬ್ಬಿಯ ಉಪ್ಪಿಟ್ಟು ತಣ್ಣಗಾಗುತ್ತಿತ್ತು. ಕೊಲೆಗಾರನ ಹೆದರಿಕೆ ಮೊದಲು ಕತ್ತಲಲ್ಲಿ ಮಾತ್ರ ಇತ್ತು. ಗೌಡರು ಅದನ್ನು ಹಗಲಿಗೂ ವಿಸ್ತರಿಸಿದರು. ನಮ್ಮ ಎದುರು ಮನೆಯಲ್ಲಿ ಗೊರೂರು ಅಣೆಕಟ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಓವರ್ಸಿಯರು ಇದ್ದರು, ಇರುವೆ ತುಳಿದರೂ ನೊಂದುಕೊಳ್ಳುವ ಸಾಧು. ಒಂದು ಬೆಳಿಗ್ಗೆ ಅವರು ಬೀಗ ಹಾಕಿ ಹೋದವರು ತಿರುಗಿ ಬಂದು ಬೀಗ ಮುಟ್ಟಿ ನೋಡಿದ್ದನ್ನು ನಾನು ಕಿಟಕಿಯಿಂದ ಕಂಡೆ. ಅಂದಿನಿಂದ ಅವರೊಡನೆ ಹೊಳೆಯ ಕಡೆ ತಿರುಗಾಡಲು ಹೋಗುವುದನ್ನು ಬಿಟ್ಟೆ. ರಾಗಿ ಬೀಸಿಸಲು ಗಿರಣಿಗೆ ಹೋಗುವುದೂ ನಿಂತಿತು. ವಿಶಾಲಾಕ್ಷಿಯೇ ಡಬ್ಬ ಹೊತ್ತುಕೊಂಡು ಹೋದಳು. ಆದರೆ ಅವಳಿಗೆ ಸಂತೋಷವೇ. ಇತ್ತೀಚೆಗೆ ಧಾರಾವಾಹಿ ಬಹಳ ಮೇಲ್ಮಟ್ಟಕ್ಕೆ ಹೋಗಿದೆ, ಇವರು ಹಗಲು ಹೊತ್ತಿನಲ್ಲೂ ಟಾರ್ಚ್ ಹುಡುಕುತ್ತಾರೆ ಎಂದು ಹೆಂಗಸರ ಮುಂದೆ ಹೊಗಳುತ್ತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಸುಮಾಳಿಗೆ ಒಂದು ಸಂಬಂಧ ಬಂತು. ಹುಡುಗ ರಾಘವ, ಹಾಸನದ ಪಾಲಿಟೆಕ್ನಿಕ್ ಒಂದರಲ್ಲಿ ಲೆಕ್ಚರರ್, ತಂದೆತಾಯಿ ಚನ್ನರಾಯಪಟ್ಟಣದಲ್ಲಿ. ಅದೇ ಊರಿನಲ್ಲಿದ್ದ ವಿಶಾಲಾಕ್ಷಿಯ ಅಕ್ಕ ಮುಂದೆ ನಿಂತು ಎಲ್ಲ ವಿಚಾರಿಸಿದ್ದರು. ಭಾನುವಾರ ಹುಡುಗಿ ನೋಡಲು ಬರುತ್ತೇವೆಂದರು. ಅದರ ಹಿಂದಿನ ದಿನ ಶನಿವಾರವಾಗಿತ್ತೆಂದು ನಾನು ಬೇರೆ ಹೇಳಬೇಕಾಗಿಲ್ಲ. ಆ ಶನಿವಾರ ಗೌಡರು ತಂದ ಕೊಲೆಗಾರ ಅದುವರೆಗಿನವರೆಲ್ಲರಿಗಿಂತ ಮೆತ್ತಗಿನವನು. ನಗುಮುಖ, ತಗ್ಗಿದ ಸ್ವರ. ಯಾರ ಮನೆಗೆ ಹೋದರೂ ಜೇಬಿನಿಂದ ಕರ್ಚೀಫು ತೆಗೆದು, ನಾಲ್ಕು ಮಡಿಕೆ ಮಾಡಿ, ತೊಡೆಯ ಮೇಲೆ ಹಾಸಿ, ಮೂಲೆಗಳನ್ನು ಬೆರಳಿನಿಂದ ತೀಡಿಕೊಂಡು ತಿಂಡಿ ತಿನ್ನುತ್ತಾನೆ. ತಿಂದು ಮುಗಿಸಿ, ಅದೇ ಕರ್ಚೀಫಿನಿಂದ ಕತ್ತು ಬಿಗಿಯುತ್ತಾನೆ. "ಆ ಮಡಿಕೆ ಬಿಚ್ತಾನೆ ನೋಡಿ ಸಾ, ಅವಾಗ ಗೊತ್ತಾಯ್ತದೆ" ಎಂದು ಗೌಡರು ದನಿ ಇಳಿಸಿ ಹೇಳಿದಾಗ ನಾನು ಉಪ್ಪಿಟ್ಟಿನ ಡಬ್ಬಿ ಮುಚ್ಚಿಬಿಟ್ಟೆ.

ಭಾನುವಾರ ಬಂದರು. ಹುಡುಗನಿಗೆ ನಗುಮುಖ, ತಗ್ಗಿದ ಸ್ವರ. ಅಷ್ಟಕ್ಕೇ ನಾನು ನನ್ನ ಕುರ್ಚಿಯನ್ನು ಒಂದಡಿ ಹಿಂದಕ್ಕೆ ಸರಿಸಿಕೊಂಡೆ. ಸುಮಾ ಕೇಸರಿಬಾತಿನ ತಟ್ಟೆ ಕೊಟ್ಟಳು. ಅವನು ತಟ್ಟೆಯನ್ನು ಪಕ್ಕಕ್ಕಿಟ್ಟು, ಜೇಬಿಗೆ ಕೈಹಾಕಿದ. ಬಿಳಿಯ ಕರ್ಚೀಫು ಹೊರಬಂತು. ಒಂದು ಮಡಿಕೆ ಮಾಡಿದ, ಇನ್ನೊಂದು ಮಾಡಿದ, ತೊಡೆಯ ಮೇಲೆ ಹಾಸಿದ. ಹಾಸಿ, ಮೂಲೆಗಳನ್ನು ಬೆರಳಿನಿಂದ ತೀಡಿದ. ಸುಮಾ ಅವನ ಕೈಯನ್ನೇ ನೋಡುತ್ತ ನಿಂತಿದ್ದಳು, ಅವಳ ಮುಖದಲ್ಲಿ ಸಣ್ಣದೊಂದು ನಗು. ನನಗೋ ಆ ಕರ್ಚೀಫು ಮತ್ತು ಅವಳ ಕತ್ತು ಬಿಟ್ಟರೆ ಬೇರೇನೂ ಕಾಣಿಸುತ್ತಿರಲಿಲ್ಲ. ಅವನು ತಿಂದು ಮುಗಿಸಿ ಮಡಿಕೆ ಬಿಚ್ಚುವುದರೊಳಗೆ ನಾನು ಎದ್ದು ನಿಂತು, ಬಹಳ ಸಂತೋಷ, ಯೋಚನೆ ಮಾಡಿ ತಿಳಿಸುತ್ತೇವೆ ಎಂದುಬಿಟ್ಟೆ. ಕಾಫಿ ಇನ್ನೂ ಒಲೆಯ ಮೇಲಿತ್ತು. ಹುಡುಗನ ತಂದೆ ಚಪ್ಪಲಿ ಮೆಟ್ಟಿಕೊಂಡರು.

ಆ ಸಂಜೆ ಮನೆಯಲ್ಲಿ ಯಾರೂ ಟಿ.ವಿ. ಹಾಕಲಿಲ್ಲ. ವಿಶಾಲಾಕ್ಷಿ ಕಾರಣ ಕೇಳಿದಳು. ಜಾತಕದಲ್ಲಿ ಏನೋ ಸರಿಯಿಲ್ಲ ಎಂದೆ. ಜಾತಕ ನೀವೇ ತಾನೆ ಕೂಡಿಸಿದ್ದು ಎಂದಳು. ಸುಮಾ ತಟ್ಟೆಗಳನ್ನು ತೊಳೆದಿಟ್ಟು, ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಜೋರಾಗಿ ಹಾಕಿಕೊಂಡಿದ್ದರೂ ಚಿಂತೆಯಿರಲಿಲ್ಲ, ಸದ್ದಾಗದ ಹಾಗೆ ಮುಂದೆ ಮಾಡಿದ್ದರಿಂದ ನನಗೆ ಸಂಕಟವಾಯಿತು. ಕೊಲೆಗಾರನಿಗೆ ಮಗಳನ್ನು ಕೊಡುವುದೋ, ಮಗಳ ಮನಸ್ಸನ್ನು ಮುರಿಯುವುದೋ? ಎರಡೂ ಕಡೆ ಹೆದರಿಕೆಯಿರುವ ಇಂಥ ಪರಿಸ್ಥಿತಿ ನನಗೂ ಹೊಸದು.

ಮಾರನೆಯ ಬೆಳಿಗ್ಗೆ ಚನ್ನರಾಯಪಟ್ಟಣದಿಂದ ವಿಶಾಲಾಕ್ಷಿಯ ಅಕ್ಕನ ಫೋನ್ ಬಂತು. ಹುಡುಗನ ಮನೆಯವರು ನೊಂದುಕೊಂಡಿದ್ದಾರೆ, ಬರುವ ಭಾನುವಾರ ಹಾಸನದಲ್ಲಿ ಬೇರೆ ಹುಡುಗಿಯನ್ನು ನೋಡಲು ಹೊರಟಿದ್ದಾರೆ ಎಂದು. ವಿಶಾಲಾಕ್ಷಿ ರಿಸೀವರನ್ನು ಅಂಗೈಯಲ್ಲಿ ಮುಚ್ಚಿ ನನ್ನನ್ನು ನೋಡಿದಳು. ಆ ನೋಟದ ಮುಂದೆ ಯಾವ ಇನ್‌ಸ್ಪೆಕ್ಟರೂ ನಿಲ್ಲಲಾರ. ನಾನು ಕರ್ಚೀಫಿನ ವಿಚಾರ ಒಪ್ಪಿಕೊಂಡುಬಿಟ್ಟೆ. ಅವಳು ಕೋಪಿಸಿಕೊಳ್ಳಲಿಲ್ಲ, ನಗಲೂ ಇಲ್ಲ. ಅಕ್ಕನಿಗೆ, ಶುಕ್ರವಾರದ ಧಾರಾವಾಹಿಯನ್ನು ನೀವು ಪೂರ್ತಿ ನೋಡಿದಿರಾ ಎಂದು ಕೇಳಿದಳು. ಅವರಲ್ಲಿ ಆ ವಾರ ಕರೆಂಟ್ ತೆಗೆಯುವ ಪಾಳಿ ಬೆಳಗಿನ ಹೊತ್ತಿಗೆ ಇತ್ತಂತೆ, ಪೂರ್ತಿ ನೋಡಿದ್ದರು. ಕೊಲೆ ಮಾಡಿದವನು ಸತ್ತವನ ಅಕ್ಕಿ ಗಿರಣಿಯ ಪಾಲುದಾರ. ಇನ್‌ಸ್ಪೆಕ್ಟರ್ ಗದರಿಸಿದ್ದೇ ತಡ ಗಳಗಳ ಅತ್ತು ಒಪ್ಪಿಕೊಂಡನಂತೆ. ಇಡೀ ಕಂತಿನಲ್ಲಿ ಒಂದೇ ಒಂದು ಕರ್ಚೀಫೂ ಇರಲಿಲ್ಲ. "ಸಪ್ಪೆ ಅಂದ್ರೆ ಸಪ್ಪೆ. ಈಗೀಗ ಅದರಲ್ಲಿ ಏನೂ ಇರಲ್ಲ ಕಣೇ" ಎಂದು ಅವರು ಹೇಳಿದ್ದು ಫೋನಿನಿಂದ ಆಚೆಗೂ ಕೇಳಿಸಿತು.

ಶಾಲೆಗೆ ಹೇಗೆ ಹೋದೆನೋ ಗೊತ್ತಿಲ್ಲ. ಅಂದು ಬೀರುವಿನ ಬೀಗ ಜಗ್ಗಲು ಕೂಡ ವಾಪಸ್ ಹೋಗಲಿಲ್ಲ. ಗೌಡರು ಮೈದಾನದಲ್ಲಿ ಹುಡುಗರಿಗೆ ಕವಾಯತು ಮಾಡಿಸುತ್ತಿದ್ದರು. ಬೇವಿನಮರದ ಕೆಳಗೆ ಕರೆದು, ಶುಕ್ರವಾರದ ಕರ್ಚೀಫು ಎಲ್ಲಿಂದ ಬಂತೆಂದು ಕೇಳಿದೆ. ಅವರು ಪೀಪಿಯನ್ನು ಕತ್ತಿನಿಂದ ತೆಗೆದು ಜೇಬಿಗೆ ಹಾಕಿಕೊಂಡರು.

"ನಮ್ಮೂರಲ್ಲಿ ಕರೆಂಟು ನಿಮ್ಗಿಂತ ಮುಂಚೆನೇ ಓಯ್ತದೆ ಸಾ. ಎಣ ಬೀಳೋದ್ನೂ ನಾನು ಸರಿಯಾಗಿ ನೋಡಿಲ್ಲ."

ಹಾಗಾದರೆ ಇಷ್ಟು ದಿನ ಹೇಳಿದ್ದು? ಮೊದಲ ಶನಿವಾರ ನಾನು ಗೇಟಿನ ಬಳಿ ನಿಂತಿದ್ದ ರೀತಿ ನೋಡಿ, ಅಲ್ಲಿಯೂ ಕತ್ತಲೆ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲವಂತೆ. ಕೊಲೆಗಾರ ಸಿಕ್ಕಿಬಿದ್ದ ಎಂದರೆ ಸಾರ್‌ಗೆ ಸಮಾಧಾನವಾಗಲಿ ಎಂದು ಒಬ್ಬನನ್ನು ಹಿಡಿದುಕೊಟ್ಟರಂತೆ. ಆಮೇಲೆ ನಾನು ವಾರವಾರವೂ ಬಾಯಿಬಿಟ್ಟುಕೊಂಡು ಕೇಳುವುದನ್ನು ಕಂಡು ಅವರಿಗೂ ರುಚಿ ಹತ್ತಿತು. ಶುಕ್ರವಾರ ಕರೆಂಟ್ ಹೋದ ಮೇಲೆ ಜಗಲಿಯಲ್ಲಿ ಕೂತು ಯೋಚಿಸಿ, ಉಳಿದದ್ದನ್ನು ಬಸ್ಸಿನಲ್ಲಿ ಹೊಂದಿಸಿಕೊಂಡು ಬರುತ್ತಿದ್ದರಂತೆ. ಕಥೆ ಹೋಗಲಿ, ಆ ಬೀಗ, ಆ ಉಫ್ ಎನ್ನುವುದು, ಆ ಕರ್ಚೀಫು, ಅಂಥ ಮನುಷ್ಯರು ಎಲ್ಲಿ ಸಿಕ್ಕಿದರು ನಿಮಗೆ ಎಂದೆ. ಗೌಡರು ನೆಲ ನೋಡಿದರು.

"ನಾ ಬೇರೆ ಎಲ್ಲಿಂದ ತರ್ಲಿ ಸಾ? ಸ್ಟಾಪ್ ರೂಮಲ್ಲಿ ನನ್ನೆದ್ರುಗೆ ಕೂರೋರು ನೀವೊಬ್ರೇ ಅಲ್ವಾ."

ನಾನು ಬೇವಿನಮರಕ್ಕೆ ಒರಗಿ ನಿಂತೆ. ಬೀಗ ಜಗ್ಗಿ ನೋಡುವವನು ಯಾರು? ಬೋರ್ಡಿನ ಮುಂದೆ ಸೀಮೆಸುಣ್ಣದ ಬೆರಳನ್ನು ಉಫ್ ಎಂದು ಊದಿ ಆಮೇಲೆ ಪ್ರಮೇಯ ಶುರುಮಾಡುವವನು ಯಾರು? ಕೈ ತಾನಾಗಿ ಜೇಬಿಗೆ ಹೋಯಿತು. ಕರ್ಚೀಫು ನಾಲ್ಕು ಮಡಿಕೆಯಾಗಿ ಅಚ್ಚುಕಟ್ಟಾಗಿ ಕೂತಿತ್ತು. ಎಷ್ಟೋ ಶನಿವಾರಗಳಿಂದ ಅದನ್ನೇ ತೊಡೆಯ ಮೇಲೆ ಹಾಸಿಕೊಂಡು, ಇದನ್ನೆಲ್ಲ ಮಾಡುವ ಕೊಲೆಗಾರನಿಗೆ ಹೆದರಿಕೊಂಡು ಕೂತಿದ್ದೆ. ಓವರ್ಸಿಯರನ್ನು ಅನುಮಾನಿಸಿದೆ, ಗಿರಣಿಯವನನ್ನು ಅನುಮಾನಿಸಿದೆ. ನನ್ನನ್ನು ಒಂದು ದಿನವೂ ಅನುಮಾನಿಸಲಿಲ್ಲ.

ರಜೆ ಹಾಕಿ ಮನೆಗೆ ಓಡಿದೆ. ಸುಮಾಳಿಗೂ ಅಂದು ಶಾಲೆಗೆ ಹೋಗುವ ಮನಸ್ಸಾಗಿರಲಿಲ್ಲ. ಹಿತ್ತಲಿನ ಬಾವಿಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ಅವಳ ಕಣ್ಣಲ್ಲಿ ನೀರು ಬಂತು.

"ಅಪ್ಪ, ಅವರು ಕರ್ಚೀಫ್ ಹಾಸ್ಕೊಂಡ್ರಲ್ಲ, ಆಗಲೇ ನಾನು ಮನಸ್ಸಲ್ಲಿ ಒಪ್ಕೊಂಡಿದ್ದು. ನೀವೂ ಹಾಗೇ ಅಲ್ವಾ ಮಾಡೋದು?"

ಚಪ್ಪಲಿ ಮೆಟ್ಟಿದವನು ನೇರ ಬಸ್ ಸ್ಟ್ಯಾಂಡಿಗೆ ಹೋಗಿ ಚನ್ನರಾಯಪಟ್ಟಣದ ಬಸ್ ಹತ್ತಿದೆ. ಆ ದಾರಿಯುದ್ದಕ್ಕೂ ನಾನು ಹೆದರಿದಷ್ಟು ಯಾವ ಶುಕ್ರವಾರವೂ ಹೆದರಿರಲಿಲ್ಲ. ಹುಡುಗನ ತಂದೆ ಬಾಗಿಲು ಹಾಕಿಕೊಂಡರೆ? ಹಾಸನದ ಹುಡುಗಿಯ ಕಡೆಯವರಿಗೆ ಆಗಲೇ ಮಾತು ಕೊಟ್ಟಿದ್ದರೆ? ಒಬ್ಬ ತಂದೆ ಹೆದರಬೇಕಾದ್ದು ಇಂಥದಕ್ಕೆ. ನಾನು ಅಷ್ಟು ವರ್ಷ ಹೆದರಿಕೆಯನ್ನೆಲ್ಲ ಟಿ.ವಿ.ಗೆ ಖರ್ಚುಮಾಡಿ ಕೂತಿದ್ದೆ.

ಬಾಗಿಲು ತೆರೆದವನು ರಾಘವನೇ. ಕಾಲೇಜಿಗೆ ಹೋಗದೆ ಊರಿನಲ್ಲೇ ಉಳಿದಿದ್ದ. ಹಿಂದೆ ಅವನ ತಂದೆ ಮುಖ ಬಿಗಿದುಕೊಂಡು ನಿಂತಿದ್ದರು. ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದಿದ್ದ ಜಾತಕದ ಮಾತು ಅವರ ಮುಂದೆ ಮರೆತೇಹೋಯಿತು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ತಂದೆಯ ಮುಖದ ಬಿಗಿ ಸಡಿಲಲಿಲ್ಲ. ಆಗ ರಾಘವ ತಗ್ಗಿದ ಸ್ವರದಲ್ಲಿ ಹೇಳಿದ.

"ನಿನ್ನೆ ನಂಗೂ ಭಯ ಆಗಿತ್ತು. ನೀವು ಕಣ್ಣು ಮಿಟುಕಿಸದೆ ನನ್ನ ಕರ್ಚೀಫನ್ನೇ ನೋಡ್ತಿದ್ರಿ. ಆ ಧಾರಾವಾಹೀಲಿ ಕೊಲೆ ಮಾಡೋರು ಹಾಗೇ ನೋಡೋದು."

ಅವನ ತಂದೆಗೆ ಮೊದಲು ನಗು ಬಂತು, ಆಮೇಲೆ ನನಗೆ. ಇಬ್ಬರು ಪುಕ್ಕಲರನ್ನು ಒಂದೇ ಮನೆಗೆ ಸೇರಿಸುವುದು ಸರಿಯೋ ಎಂದು ಅವನ ತಾಯಿ ಅಡಿಗೆಮನೆಯಿಂದ ಕೇಳಿದರು, ಆದರೆ ಕಾಫಿ ತಂದರು. ಮದುವೆ ಅದೇ ಕಾರ್ತಿಕದಲ್ಲಿ ನಡೆಯಿತು. ಮಾವಿನೆಲೆಯ ತೋರಣ ಕಟ್ಟಿಸಿದವರು, ಪಂಕ್ತಿಯಲ್ಲಿ ನೀರು ವಿಚಾರಿಸಿದವರು ಎಲ್ಲ ನಿಂಗೇಗೌಡರೇ.

ಅದಾದ ಮೇಲೆ ಕರೆಂಟ್ ಸುಧಾರಿಸಿತು. ನಾನು ಕಂತುಗಳನ್ನು ಕೊನೆಯವರೆಗೂ ನೋಡತೊಡಗಿದೆ. ಅಯ್ಯೋ, ಅಷ್ಟೊಂದು ಕಳಪೆಯೇ! ರೌಡಿಯಂತೆ ಕಾಣುವವನೇ ಕೊಲೆಗಾರ, ಕೇಳಿದ್ದಕ್ಕೆಲ್ಲ ಒಪ್ಪಿಕೊಳ್ಳುತ್ತಾನೆ. ನಾನೊಬ್ಬನೇ ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬಂದೆ. ಟಾರ್ಚಿನ ಸೆಲ್ಲು ಒಳಗೇ ಸೋರಿ ಹಾಳಾಯಿತು. ಧಾರಾವಾಹಿಯ ಗುಣಮಟ್ಟ ಕುಸಿದಿದೆ ಎಂದು ವಿಶಾಲಾಕ್ಷಿ ಬೀದಿಗೆಲ್ಲ ಸಾರಿದಳು. ಗೌಡರಿಗೆ ಅಷ್ಟರಲ್ಲಿ ಗೊರೂರಿನ ಕಡೆ ವರ್ಗವಾಗಿತ್ತು. ಹೋಗುವ ದಿನ ಅವರ ಕೈಹಿಡಿದು ನಾನು ಅತ್ತದ್ದು ಏತಕ್ಕೆಂದು ಸಹೋದ್ಯೋಗಿಗಳಿಗೆ ತಿಳಿಯಲಿಲ್ಲ.

ಒಂದು ಶುಕ್ರವಾರ ಮಗಳು ಅಳಿಯ ಬಂದಿದ್ದರು. ಚಕ್ಕುಲಿ ತಟ್ಟೆ ಮುಂದಿಟ್ಟುಕೊಂಡು ಎಲ್ಲರೂ ಧಾರಾವಾಹಿಗೆ ಕೂತೆವು. ಎಷ್ಟೋ ಕಾಲದ ಮೇಲೆ, ಇನ್‌ಸ್ಪೆಕ್ಟರ್ ಟೋಪಿ ತೆಗೆಯುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ವಿಶಾಲಾಕ್ಷಿ ಮೇಣದ ಬತ್ತಿ ಹಚ್ಚಿಟ್ಟಳು. "ಕೊಲೆ ಮಾಡಿದ್ದು ಯಾರಿರಬಹುದು ಮಾವ?" ಎಂದು ರಾಘವ ಕೇಳಿದ. ಅವನ ಮುಖ ನೋಡಿದೆ. ಶಾಲೆಯ ಗೇಟಿನ ಬಳಿ ನಿಂತಿದ್ದಾಗ ಗೌಡರಿಗೆ ನನ್ನ ಮುಖ ಹೇಗೆ ಕಂಡಿರಬೇಕೆಂದು ಆಗ ತಿಳಿಯಿತು. ಗೊತ್ತಿಲ್ಲ ಎನ್ನಲು ನನಗೂ ಬಾಯಿ ಬರಲಿಲ್ಲ. ಒಬ್ಬ ಮೆತ್ತಗಿನ ಮನುಷ್ಯ ಎಂದು ಶುರುಮಾಡಿದೆ. ಗುರುತು ಬೇಕಲ್ಲ, ಎದುರಿಗೆ ಕೂತವನನ್ನೇ ನೋಡಿಕೊಂಡು ಹೇಳುತ್ತ ಹೋದೆ: ಚಕ್ಕುಲಿಯನ್ನು ಬಾಯಿಗಿಡುವ ಮುಂಚೆ ಒಮ್ಮೆ ಮೂಸಿ ನೋಡುತ್ತಾನೆ, ಬಾಗಿಲಿನ ಕಡೆಗೆ ಬೆನ್ನು ಮಾಡಿ ಕೂರುವುದಿಲ್ಲ, ತೊಡೆಯ ಮೇಲೆ ಬಿಳಿಯ ಬಟ್ಟೆ. ಹೇಳುತ್ತಿದ್ದಂತೆ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸತೊಡಗಿತು. ಕೈಯಲ್ಲಿದ್ದ ಚಕ್ಕುಲಿ ನನ್ನ ಮೂಗಿನ ಹತ್ತಿರವೇ ಇತ್ತು. ನನ್ನ ಬೆನ್ನೂ ಬಾಗಿಲಿನ ಕಡೆಗಿರಲಿಲ್ಲ. ತೊಡೆಯ ಕಡೆಗೆ ನಾನು ನೋಡಲಿಲ್ಲ.

ಕಥೆ ಮುಗಿದ ಮೇಲೆ ರಾಘವ ಕೈ ತೊಳೆಯಲು ಎದ್ದ. ಎದ್ದವನು ಅಲ್ಲೇ ನಿಂತ. ಮಾವ, ನೀವೂ ಬರುತ್ತೀರಾ ಎಂದ. ನಾನು ಅದನ್ನೇ ಅವನಿಗೆ ಕೇಳುವವನಿದ್ದೆ. ಟಾರ್ಚಿನಲ್ಲಿ ಸೆಲ್ಲಿರಲಿಲ್ಲ, ಇದ್ದ ಒಂದು ಮೇಣದ ಬತ್ತಿಯನ್ನು ಇಬ್ಬರೂ ಹಿಡಿದುಕೊಂಡು ಬಾವಿ ದಾಟಿ ನುಗ್ಗೆಮರದ ಕಡೆ ಹೊರಟೆವು. ಹಿಂದಿನಿಂದ ಕತ್ತಲಲ್ಲಿ ವಿಶಾಲಾಕ್ಷಿ ಸುಮಾಳಿಗೆ ಹೇಳುವುದು ಕೇಳಿಸಿತು, ಇವತ್ತಿನ ಕಂತು ಬಹಳ ಚೆನ್ನಾಗಿತ್ತು ಎಂದು.